ನಳಿಗೆಯ ಮೇಲೆ ಮೂರು ಬೆರಳು

ಕಳೆದ ಶನಿವಾರ ಮಗಳ ಹೊಸ ಕ್ರಿಕೆಟ್ ಬ್ಯಾಟಿಗೆ ಹಚ್ಚಲೆಂದು ಅಗಸೆ ಎಣ್ಣೆಯ ಡಬ್ಬಿ ತೆರೆದೆ. ಮುಚ್ಚಳ ಸಡಿಲವಾಗಿದ್ದೇ ತಡ, ವಾಸನೆ ಎದ್ದು ಬಂತು. ಒಂದಿಷ್ಟು ಕಮಟು, ಒಂದಿಷ್ಟು ಹುರಿದ ಕಾಳಿನ ಘಮ, ಅದರ ಹಿಂದೆ ಎಲ್ಲೋ ಒದ್ದೆ ಮರ… ನಾನು ನಿಂತಿದ್ದದ್ದು ಲಿನ್‌ವುಡ್‌ನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ. ಆದರೆ ಒಂದು ಗಳಿಗೆ ನಾನು ಅಲ್ಲಿರಲಿಲ್ಲ. ಬೋಥೆಲ್ಲಿನ ಕ್ಯಾನ್ಯನ್ ಪಾರ್ಕಿನ ಹತ್ತಿರ ನಾವು ಮೊದಲು ಇದ್ದ ಬೀದಿಯಲ್ಲಿ, ಪಕ್ಕದ ಮನೆಯ ಅಜ್ಜಿಯ ಗರಾಜಿನಲ್ಲಿ, ಒಂದು ಮಡಿಚುವ ಕುರ್ಚಿಯ ಮೇಲೆ ಕೂತಿದ್ದೆ. ಎದುರಿಗೆ ಅಜ್ಜಿ ಬಂದೂಕಿನ ಮರಕ್ಕೆ ಎಣ್ಣೆ ಉಜ್ಜುತ್ತಿದ್ದರು.

"ಅಮ್ಮಾ, ಆರ್ ಯು ಓಕೆ?" ಎಂದಳು ಮಗಳು. ಓಕೆ ಎಂದೆ. ಅವಳಿಗೆ ಆ ಅಜ್ಜಿ ಗೊತ್ತಿಲ್ಲ. ಇದೆಲ್ಲ ಅವಳು ಹುಟ್ಟುವ ಮೊದಲಿನ ಮಾತು, ಎರಡು ಸಾವಿರದ ಆರೋ ಏಳೋ ಇರಬೇಕು.

ಆಗ ನನ್ನ ಗಂಡ ಕ್ಯಾನ್ಯನ್ ಪಾರ್ಕಿನ ಒಂದು ಆಫೀಸಿಗೆ ನಡೆದುಕೊಂಡೇ ಹೋಗಿಬರುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ತುಮಕೂರಿನಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು ಇಲ್ಲಿ ಬಂದು ದಿನಕ್ಕೆರಡು ಸಲ ಅದೇ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದೆ. ಮನೆ ಹಿಂದಿನ ಫರ್ ಮರಗಳ ನಡುವೆ ಮಂಜು ಬೆಳಿಗ್ಗೆ ಬಂದು ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆ ಮಂಜಿನೊಳಗಿಂದ ಒಂದು ಸದ್ದು ಬರುತ್ತಿತ್ತು. ಕರ್ರ್… ಕರ್ರ್… ಸ್ವಲ್ಪ ಹೊತ್ತು ಮೌನ, ಮತ್ತೆ ಕರ್ರ್. ಯಾರೋ ಕಬ್ಬಿಣಕ್ಕೆ ಅರ ಹಾಕುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ದಿನ ಬೇಸರ ತಡೆಯಲಾರದೆ ಆ ಸದ್ದಿನ ಹಿಂದೆ ಹೋದೆ.

ಗರಾಜಿನ ಬಾಗಿಲು ಅರ್ಧ ಎತ್ತಿತ್ತು. ಒಳಗೆ ಎಪ್ಪತ್ತು ದಾಟಿದ, ನನ್ನ ಭುಜಕ್ಕೂ ಬಾರದ ಒಬ್ಬ ಹೆಂಗಸು, ಕಣ್ಣಿಗೆ ದೊಡ್ಡ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ನಿಂತಿದ್ದರು. ಅವರ ಮುಂದೆ ಬೆಂಚಿನ ಮೇಲೆ, ಸಾಮಾನು ಕಚ್ಚಿ ಹಿಡಿಯುವ ವೈಸಿನ ದವಡೆಯಲ್ಲಿ, ಹಳೆ ಟವೆಲ್ ಸುತ್ತಿಸಿಕೊಂಡು ಮಲಗಿದ್ದದ್ದು ಬಂದೂಕು. ನಾನು ಅಲ್ಲಿಯವರೆಗೆ ಬಂದೂಕನ್ನು ನೋಡಿದ್ದದ್ದು ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗುವಷ್ಟರಲ್ಲಿ ಅವರು ನಕ್ಕರು.

"ಹೆದರಬೇಡ ಮಗೂ. ಇದಕ್ಕೆ ಸದ್ಯ ಜೀವ ಇಲ್ಲ" ಎಂದರು. ಅವರು ಆಡಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಹೇಗೋ ಕನ್ನಡವಾಗಿಬಿಟ್ಟಿದೆ.

ಅದು ಹಳೇ ಕಾಲದ ಮಾದರಿಯ ಬಂದೂಕು. ಬಾಯಿಯ ಕಡೆಯಿಂದಲೇ ಮದ್ದು ಸುರಿದು, ಬಟ್ಟೆಯ ಚೂರಿನಲ್ಲಿ ಸುತ್ತಿದ ಸೀಸದ ಗುಂಡನ್ನು ಉದ್ದನೆ ಕೋಲಿನಿಂದ ಕೆಳಗೆ ಜಡಿಯಬೇಕು. ಒಂದು ಸಲಕ್ಕೆ ಒಂದೇ ಗುಂಡು. ಅಜ್ಜಿಯ ಗಂಡ ಬಿಡಿ ಭಾಗಗಳನ್ನು ತರಿಸಿ, ಮೇಪಲ್ ಮರ ಕೆತ್ತಿ, ಎಷ್ಟೋ ಚಳಿಗಾಲ ಇದೇ ಗರಾಜಿನಲ್ಲಿ ಕೂತು ಅದನ್ನು ಮಾಡಿದ್ದರಂತೆ. ಬೇಟೆಗಲ್ಲ. ಗುಡ್ಡದ ಬುಡದಲ್ಲಿ ಅವರದ್ದೊಂದು ಕ್ಲಬ್ಬಿತ್ತು. ಅಲ್ಲಿ ಸೇರಿ ಹಲಗೆಗೆ ಗುರಿ ಹೊಡೆಯುವುದು, ಕಾಫಿ ಕುಡಿಯುವುದು, ಸುಳ್ಳು ಹೇಳುವುದು. "ಮೂರನೆಯದರಲ್ಲಿ ಅವನೇ ಯಾವಾಗಲೂ ಮೊದಲು" ಎನ್ನುತ್ತಿದ್ದರು ಅಜ್ಜಿ.

ಹಿಂದಿನ ವರ್ಷ ಒಂದು ದಿನ ಕ್ಲಬ್ಬಿನಿಂದ ಬಂದ ಗಂಡ ಬಂದೂಕನ್ನು ಮೂಲೆಗೆ ಒರಗಿಸಿ, ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಹೊಡೆದ ಬಂದೂಕನ್ನು ಅದೇ ದಿನ ತೊಳೆಯಬೇಕು, ಇಲ್ಲದಿದ್ದರೆ ಸುಟ್ಟ ಮದ್ದಿನ ಮಸಿ ಗಾಳಿಯ ಪಸೆ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆ ಗಲಾಟೆಯಲ್ಲಿ ಯಾರಿಗೆ ಬಂದೂಕಿನ ನೆನಪು? ಚಳಿಗಾಲವೆಲ್ಲ ಅದು ಮೂಲೆಯಲ್ಲೇ ನಿಂತು ತುಕ್ಕು ಹಿಡಿಯಿತು. ಈ ಕಡೆಯ ಹವೆಗೆ ಬಾಗಿಲ ಬಿಜಾಗರಿಯೇ ಕೆಂಪಾಗುತ್ತದೆ, ಇನ್ನು ಅದರ ಪಾಡು ಕೇಳಬೇಕೆ.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ವರ್ಷದಲ್ಲಿ ತೀರಿಹೋದವರ ಹೆಸರಿನಲ್ಲಿ, ಅಕ್ಟೋಬರಿನ ಒಂದು ಶನಿವಾರ, ಅವರದೇ ಬಂದೂಕಿನಿಂದ ಒಂದು ಗುಂಡು ಹಾರಿಸುತ್ತಿದ್ದರು. ಗಂಡನ ಗೆಳೆಯರು ಬಂದು, ನಿಮ್ಮ ಪರವಾಗಿ ನಾವು ಹೊಡೆಯುತ್ತೇವೆ ಎಂದರಂತೆ. ಅಜ್ಜಿ ಒಪ್ಪಲಿಲ್ಲ. "ಐವತ್ತು ವರ್ಷ ಅವನ ಗೊರಕೆ ಕೇಳಿದವಳು ನಾನು. ಗುಂಡು ಅವರು ಹೊಡೀತಾರಂತೆ!" ಎಂದು ಮೂಗು ಮುರಿದರು. ಆದರೆ ಗಂಡ ಆರಡಿಯ ಆಳು, ಬಂದೂಕು ಅವರ ಅಳತೆಯದ್ದು. ಅಜ್ಜಿ ಅದನ್ನು ಭುಜಕ್ಕಿಟ್ಟರೆ ಎಳೆದರೆ ಗುಂಡು ಹಾರುವ ಕುದುರೆಗೆ ಬೆರಳು ಎಟುಕುತ್ತಿರಲಿಲ್ಲ. ತುಕ್ಕು ತೆಗೆಯಬೇಕು, ಭುಜಕ್ಕೆ ಒತ್ತಿಕೊಳ್ಳುವ ಮರದ ಹಿಡಿಯನ್ನು ಕೊಯ್ದು ಗಿಡ್ಡ ಮಾಡಬೇಕು, ಅಕ್ಟೋಬರಿನೊಳಗೆ ಎಲ್ಲ ಮುಗಿಯಬೇಕು. ಆ ಬೇಸಿಗೆ ಅವರ ಬದುಕೆಲ್ಲ ಅದೊಂದು ಶನಿವಾರಕ್ಕೆ ಕಟ್ಟಿಹಾಕಿದಂತಿತ್ತು.

ನಾನು ದಿನವೂ ಹೋಗತೊಡಗಿದೆ. ಕೆಲಸ ಶುರು ಮಾಡುವ ಮುಂಚೆ ಅವರದ್ದೊಂದು ನೇಮವಿತ್ತು. ಜಡಿಯುವ ಕೋಲನ್ನು ನಳಿಗೆಯೊಳಗೆ ಇಳಿಬಿಡುವುದು. ಕೋಲಿನ ಮೇಲೊಂದು ಗೀಟು. ಗೀಟು ನಳಿಗೆಯ ಬಾಯಿಗೆ ಸಮ ಬಂದರೆ ಒಳಗೆ ಏನೂ ಇಲ್ಲ. ಮೇಲೆ ನಿಂತರೆ ತಳದಲ್ಲಿ ಮದ್ದು ಗುಂಡು ಕೂತಿದೆ ಎಂದರ್ಥ. ಕಾಫಿಗೆಂದು ಒಳಗೆ ಹೋಗಿ ಬಂದರೂ ಮತ್ತೆ ಕೋಲು ಇಳಿಬಿಡುತ್ತಿದ್ದರು. ನಾನು ಅಲ್ಲೇ ಕೂತಿರುತ್ತಿದ್ದೆ. ಮದ್ದಾಗಲಿ ಅದಕ್ಕೆ ಕಿಡಿ ಹೊತ್ತಿಸುವ ಪುಟ್ಟ ತಾಮ್ರದ ಟೋಪಿಗಳಾಗಲಿ ಆ ಗರಾಜಿನಲ್ಲಿ ಒಂದು ಚಿಟಿಕೆಯೂ ಇರಲಿಲ್ಲ, ಎಲ್ಲವನ್ನೂ ಗಂಡನ ಗೆಳೆಯರೊಬ್ಬರು ಒಯ್ದಿದ್ದರು.

"ನಾನೇ ಇಲ್ಲಿದ್ದೀನಲ್ಲ ಅಜ್ಜೀ, ಯಾರು ಬಂದು ತುಂಬಿಸ್ತಾರೆ?" ಎಂದು ಒಂದು ದಿನ ಛೇಡಿಸಿದೆ.

"ಖಾಲಿ ಅಂತ ಗೊತ್ತಿರೋದು ಬೇರೆ, ಖಾಲಿ ಇರೋದು ಬೇರೆ" ಎಂದರು. "ಗೊತ್ತಿದ್ರೂ ನೋಡ್ಬೇಕು. ಪ್ರತಿ ಸಲ ನೋಡ್ಬೇಕು."

ನಮ್ಮ ಹೆದ್ದಾರಿಗಳಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ಬರೆದಿರುತ್ತಾರಲ್ಲ, ಅದು ಎದ್ದು ಬಂದು ಮಾತಾಡಿದ ಹಾಗಿತ್ತು. ಹಾಗೆಂದು ಅವರೇನು ಸಾಧು ಸ್ವಭಾವದವರಲ್ಲ. ಮೊಳೆ ಜಾರಿದರೆ ನಾನು ಇಲ್ಲಿ ಬರೆಯಲಾಗದ ಮಾತು ಬರುತ್ತಿತ್ತು. ಒಮ್ಮೆ ತಿರುಪು ಕಳೆದುಹೋಯಿತೆಂದು ಗರಾಜನ್ನೆಲ್ಲ ಶಪಿಸಿ, ಕೊನೆಗೆ ಅದನ್ನು ತಮ್ಮ ಏಪ್ರನ್ ಜೇಬಿನಲ್ಲೇ ಹುಡುಕಿಕೊಂಡರು. ನಳಿಗೆಯ ಬುಡವನ್ನು ಮಾತ್ರ ಅವರು ಮುಟ್ಟಲಿಲ್ಲ. ಅಲ್ಲಿ ಬೆಂಕಿ ಹೊತ್ತುವ ಜಾಗ, ತುಕ್ಕು ಒಳಗೆ ಎಷ್ಟು ತಿಂದಿದೆಯೋ, ಅಲ್ಲಿ ನನ್ನ ಜಾಣತನ ಬೇಡ ಎಂದು ಬಂದೂಕು ರಿಪೇರಿಯವನೊಬ್ಬನ ಹತ್ತಿರ ಒಯ್ದು ತೋರಿಸಿ ಬಂದರು. ಒಳಗೆ ಗಟ್ಟಿಯಾಗಿದೆ ಎಂದು ಅವನು ಹೇಳಿದ ದಿನ ನನಗೆ ಎರಡು ಕುಕೀ ಹೆಚ್ಚು ಸಿಕ್ಕಿತು.

ಎಲ್ಲ ಸರಿ. ಮರ ಕೊಯ್ಯುವುದೊಂದು ಆಗುತ್ತಿರಲಿಲ್ಲ. ಹಿಡಿಯ ಹಿಂಬದಿಯ ಹಿತ್ತಾಳೆ ತಗಡನ್ನು ಬಿಚ್ಚಿ, ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗರಗಸ ಕೈಗೆತ್ತಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ನಿಂತು, ಗರಗಸ ಮೊಳೆಗೆ ತೂಗುಹಾಕಿ, ರಬ್ಬರಿನಿಂದ ಗೆರೆ ಅಳಿಸುತ್ತಿದ್ದರು. ನಾಳೆ ಅಂದರೆ ನಾಳೆ… ಬೇಸಿಗೆ ಹೀಗೇ ಜಾರುತ್ತಿತ್ತು. ಆ ಮರದಲ್ಲಿ ಗಂಡನ ಕೆನ್ನೆ ತಗುಲಿ ತಗುಲಿ ನುಣುಪಾದ ಒಂದು ಜಾಗವಿತ್ತು. ಅಜ್ಜಿ ಅಲ್ಲಿ ಹೆಬ್ಬೆರಳಿಟ್ಟು ಹೊರಗೆ ನೋಡುತ್ತಿದ್ದರು.

ಆಗಸ್ಟಿನಲ್ಲಿ ಗದಗಿನಿಂದ ನಮ್ಮ ಅತ್ತೆ ಬಂದರು. ಅತ್ತೆ ಎಂದರೆ ಗಟ್ಟಿ ಹೆಂಗಸು, ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರ್ ಹಾಕಿಕೊಂಡು ಬೋಥೆಲ್ಲಿನ ಬೀದಿಯಲ್ಲಿ ಗೌಡತಿಯ ಹಾಗೆ ಓಡಾಡಿದವರು. ಮಾವ ತೀರಿ ಆಗ ಕೆಲವು ವರ್ಷವಾಗಿತ್ತು. ನಾನು ಗರಾಜಿಗೆ ಹೋಗುವುದು ಕೇಳಿ, "ಹೆಣ್ಮಕ್ಳು ಬಂದೂಕ ತಿಕ್ಕೂದಂದ್ರ! ನಡಿ, ನಾನೂ ನೋಡ್ತೀನಿ" ಎಂದು ಬೆನ್ನಿಗೆ ಬಿದ್ದರು. ಒಳಗೆ ಕಾಲಿಡುತ್ತಲೇ ಮೂಗರಳಿಸಿದರು.

"ಏನವಾ, ಅಗಸಿ ಎಣ್ಣಿ ವಾಸನಿ ಬರಾಕತ್ತೈತಿ?"

ಹೌದು, ಅಜ್ಜಿ ಮರಕ್ಕೆ ಹಚ್ಚುತ್ತಿದ್ದದ್ದು ಅದೇ ಎಣ್ಣೆ. ಅತ್ತೆ ಮನೆಗೆ ಓಡಿ, ಗದಗಿನಿಂದ ತಂದಿದ್ದ ಅಗಸಿ ಹಿಂಡಿಯ, ಅಂದರೆ ಅಗಸೆ ಚಟ್ನಿಪುಡಿಯ ಡಬ್ಬಿ ಹಿಡಿದು ಬಂದರು. ಒಂದು ಚಮಚ ಅಜ್ಜಿಯ ಅಂಗೈಗೆ ಹಾಕಿ, ತಿನ್ನಿ ಎಂದು ಕೈಸನ್ನೆ ಮಾಡಿದರು. ಅಜ್ಜಿ ತಿಂದು, ಖಾರಕ್ಕೆ ಕಣ್ಣೀರು ಸುರಿಸಿ, ಬಂದೂಕಿನ ಮರ ತೋರಿಸಿ, ಡಬ್ಬಿ ತೋರಿಸಿ, ಗಹಗಹಿಸಿ ನಕ್ಕರು. ಅಲ್ಲಿಂದ ಅವರಿಬ್ಬರೂ ಒಂದಾದರು. ಅತ್ತೆಗೆ ಅವರು 'ಬಾಜೂ ಮನಿ ಅಕ್ಕಾರು'. ನಾನು ಬರೀ ದುಭಾಷಿ. ಇಬ್ಬರೂ ನನ್ನ ಕಡೆ ನೋಡದೆ ಒಬ್ಬರನ್ನೊಬ್ಬರು ನೋಡಿಕೊಂಡೇ ಮಾತಾಡುತ್ತಿದ್ದರು, ಅರ್ಥ ಮಾತ್ರ ನನ್ನಿಂದ ಬರಬೇಕು.

ಕೊಯ್ಯಲಾಗದ ಆ ಗೆರೆಯ ವಿಷಯ ಅತ್ತೆಗೆ ಹೇಳಿದೆ. ಮರುದಿನ ತಮ್ಮ ಕೌದಿ ಹೊತ್ತುಕೊಂಡು ಗರಾಜಿಗೆ ಬಂದರು. ಹಳೇ ಬಟ್ಟೆಯ ತುಂಡು ಸೇರಿಸಿ ಕೈಯಲ್ಲಿ ಹೊಲಿದ ಆ ಹೊದಿಕೆಯನ್ನು ಅವರು ವಿಮಾನದಲ್ಲಿ ಯಾರಿಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಅದನ್ನು ಮೇಜಿನ ಮೇಲೆ ಹಾಸಿ, ನಡುವಿನ ಬಿಳಿ ಬಟ್ಟೆಯ ಮೇಲೆ ಬೆರಳಿಟ್ಟರು.

"ಇದು ಅವರ ಧೋತರ ಅಂತ ಹೇಳವಾ ಅಕ್ಕಾರಿಗೆ. ಕತ್ತರಿ ಹಿಡದು ಒಂದ್ ವರ್ಷ ಕುಂತಿದ್ದೆ, ಹಾಕಾಕ ಕೈ ಬರಲಿಲ್ಲ. ಕಡೀಗೆ ಕತ್ತರಸಿದೆ. ಕತ್ತರಸಿದ್ದಕ್ಕ ಹೊಚ್ಚಗೊಳ್ಳಾಕ ಬಂತು. ಇಲ್ಲಂದ್ರ ಪೆಟ್ಟಿಗ್ಯಾಗ ಹುಳ ತಿಂತಿದ್ವು."

ನಾನು ಹೇಳಿದೆ. ಈ ಮಾತು ನನಗೂ ಹೊಸದು. ಅಜ್ಜಿ ಕೌದಿಯ ಹೊಲಿಗೆಯನ್ನು ಉಗುರಿನಿಂದ ಸವರಿ ನೋಡಿದರು. ಆಮೇಲೆ ಎದ್ದು, ಕೋಲು ಇಳಿಬಿಟ್ಟು ನೋಡಿ, ಗೆರೆ ಎಳೆದು, ಗರಗಸ ಹಚ್ಚಿದರು. ಅತ್ತೆ ಇನ್ನೊಂದು ತುದಿ ಹಿಡಿದುಕೊಂಡರು. ಮೇಪಲ್ಲಿನ ಪುಡಿ ಇಬ್ಬರ ಕೈಮೇಲೂ ಉದುರುತ್ತಿತ್ತು… ಆ ಮಧ್ಯಾಹ್ನದ ಬೆಳಕು ಈಗಲೂ ನನಗೆ ಕಾಣುತ್ತದೆ. ಅಂಗೈ ಅಗಲದ ಒಂದು ತುಂಡು ಕಳಚಿ ನೆಲಕ್ಕೆ ಬಿತ್ತು. ಅಜ್ಜಿ ಬಂದೂಕನ್ನು ಭುಜಕ್ಕಿಟ್ಟು ಗೋಡೆಯ ಕಡೆ ಹಿಡಿದರು, ಬೆರಳು ಸಲೀಸಾಗಿ ಕುದುರೆಗೆ ಎಟುಕಿತು.

ಇನ್ನು ಉಳಿದದ್ದು ನಳಿಗೆ. ತುಕ್ಕು ತಿಕ್ಕಿ ತೆಗೆದ ಮೇಲೆ ಅದಕ್ಕೆ ಕಂದು ಬಣ್ಣ ಬರಿಸಬೇಕಿತ್ತು. ಆ ವಿಧಾನ ಕೇಳಿ ನನ್ನೊಳಗಿನ ರಸಾಯನಶಾಸ್ತ್ರದ ಮೇಡಂ ಎದ್ದು ಕೂತಳು. ಮರದಿಂದ ಬಿಚ್ಚಿ ಜಿಡ್ಡೆಲ್ಲ ತೊಳೆದ ನಳಿಗೆಗೆ ಒಂದು ದ್ರಾವಣ ಸವರಿ, ಪಸೆಯಿರುವ ಕೋಣೆಯಲ್ಲಿ ತೂಗುಹಾಕುವುದು. ತೆಳ್ಳಗೆ ತುಕ್ಕು ಬರುತ್ತದೆ. ಅದನ್ನು ಉಜ್ಜಿ ಮತ್ತೆ ಸವರುವುದು. ಹೀಗೆ ದಿನದಿನವೂ ಪದರ ಕೂಡಿಸಿದರೆ ಆ ತುಕ್ಕೇ ಕಂದು ಹೊದಿಕೆಯಾಗಿ ಮುಂದೆ ತುಕ್ಕು ಬಾರದಂತೆ ಕಾಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ. ಆದರೆ ಬರಿಗೈ ಸೋಕುವಂತಿಲ್ಲ. ಬೆರಳಿನ ಜಿಡ್ಡು ತಾಗಿದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಅಜ್ಜಿ ಬಿಳಿ ಕೈಗವಸು ಹಾಕಿಕೊಂಡು, ಮಗುವಿಗೆ ಎಣ್ಣೆ ನೀರು ಹಾಕುವವರ ಹಾಗೆ ಆ ಕೆಲಸ ಮಾಡುತ್ತಿದ್ದರು. ಬಟ್ಟೆ ಒಗೆಯುವ ಕೋಣೆಯಲ್ಲಿ ನಳಿಗೆ ತಂತಿಯಿಂದ ನೇತಾಡುತ್ತಿತ್ತು. ನನಗೆ ಮುಟ್ಟಬೇಡ ಎಂದಿದ್ದರು, ನಾನು ಮುಟ್ಟಲಿಲ್ಲ. ಅತ್ತೆಗೆ ಆ ಮಾತು ತಲುಪಿರಲಿಲ್ಲ. ಅವರು ಆ ಕೋಣೆಗೆ ಹೋದದ್ದೇ ಇರಲಿಲ್ಲ.

ಅಷ್ಟರಲ್ಲಿ ಮಹಾನವಮಿ ಬಂತು. ನನಗೆ ಆಯುಧಪೂಜೆ, ಅತ್ತೆಗೆ ಖಂಡೇನವಮಿ. ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಈಳಿಗೆ ಎಲ್ಲವನ್ನೂ ಸಾಲಾಗಿಟ್ಟು, ಚೆಂಡುಹೂವು ತರಲು ನಾನೂ ಗಂಡನೂ ಬೆಲ್‌ವ್ಯೂ ಕಡೆಯ ಅಂಗಡಿಗೆ ಹೋದೆವು. ಮಾವ ಹೋದಂದಿನಿಂದ ಅತ್ತೆ ಪೂಜೆಯಲ್ಲಿ ಅರಿಸಿನ ಕುಂಕುಮ ಮುಟ್ಟುತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಅವರೇ ಅಡುಗೆಮನೆ ಬಾಗಿಲಿಗೆ ಸರಿದು ನಿಲ್ಲುತ್ತಿದ್ದರು. ನೀವೇ ಮಾಡಿ ಎಂದರೆ "ನನ್ನ ಕೈ ಬ್ಯಾಡವಾ" ಎಂದುಬಿಡುತ್ತಿದ್ದರು. ಆ ಮಾತು ನನಗೆ ಸಿಟ್ಟು ತರಿಸುತ್ತಿತ್ತು. ಆದರೂ ಅವರ ಎದುರು ವಾದಿಸಿ ಗೆದ್ದವರುಂಟೆ?

ಹೂವು ಕಾಯಿ ಹಿಡಿದು ಮನೆಗೆ ಬಂದಾಗ ಅತ್ತೆ ಸೋಫಾದ ಮೇಲಲ್ಲ, ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಏನಾಯಿತೆಂದು ಕೇಳಿದೆ. ಮಾತು ತುಂಡು ತುಂಡಾಗಿ ಬಂತು. "ಲ್ಯಾಪ್‌ಟಾಪಿಗೆ ಹೂ ಏರಸ್ತೀರಿ. ಖರೇ ಆಯುಧ ಬಾಜೂ ಮನ್ಯಾಗೈತಿ, ಅದಕ್ಯಾರೂ ಇಲ್ಲಲ್ಲ ಅಂತ ಹ್ವಾದೆ" ಎಂದರು. ಅಜ್ಜಿ ಒಳಗೆ ಕರೆದು, ಕಾಫಿ ತರಲು ಅಡುಗೆಮನೆಗೆ ಹೋಗಿದ್ದಾರೆ. ಅತ್ತೆ ನಳಿಗೆಯನ್ನು ಹುಡುಕಿಕೊಂಡು ಹೋಗಿ ನೋಡಿದರೆ, ಖಂಡೇನವಮಿಯ ದಿನ ಅದು ಮೈತುಂಬ ತುಕ್ಕು ಹೊತ್ತು ತಂತಿಗೆ ನೇತಾಡುತ್ತಿದೆ. ಪಾಪ ಎನ್ನಿಸಿದೆ. ಕುಂಕುಮವನ್ನಂತೂ ಮುಟ್ಟುವವರಲ್ಲ. ವಿಭೂತಿಗೆ ಯಾರ ಅಡ್ಡಿ? ಸೆರಗಿನ ಗಂಟಿನಲ್ಲಿ ತಂದಿದ್ದ ವಿಭೂತಿಯನ್ನು ಅಂಗೈಯಲ್ಲಿ ನೀರು ಹಾಕಿ ತೇದು, ಹಣೆಗೆ ಎಳೆಯುವ ಹಾಗೆ ಮೂರು ಬೆರಳಿನಿಂದ ನಳಿಗೆಯ ಮೇಲೆ ಅಚ್ಚುಕಟ್ಟಾಗಿ ಎಳೆದಿದ್ದಾರೆ.

ಕಾಫಿ ಹಿಡಿದು ಬಂದ ಅಜ್ಜಿ ಅದನ್ನು ನೋಡಿ ಕಿರುಚಿದರಂತೆ. ಏನೆಂದರೋ ಅತ್ತೆಗೆ ತಿಳಿಯಲಿಲ್ಲ. ಬಾಗಿಲು ತೋರಿಸಿದ್ದು ಮಾತ್ರ ತಿಳಿಯಿತು.

ನಾನು ಓಡಿದೆ. ಅಜ್ಜಿ ಬಾಗಿಲನ್ನು ಅರ್ಧವಷ್ಟೇ ತೆರೆದರು. ಮುಂದಿನ ಶನಿವಾರವೇ ಆ ದಿನ, ಮತ್ತೆ ಮೊದಲಿಂದ ಬಣ್ಣ ಬರಿಸಲು ಸಮಯವಿಲ್ಲ, ಅವನ ಬಂದೂಕನ್ನು ಮೈಮೇಲೆ ಕಲೆ ಹೊತ್ತು ಎಲ್ಲರೆದುರು ಹೇಗೆ ಒಯ್ಯಲಿ ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಇನ್ನು ಯಾರೂ ಗರಾಜಿಗೆ ಬರೋದು ಬೇಡ" ಎಂದು ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಅತ್ತೆಗೆ ಏನು ಹೇಳಲಿ? ಹೇಳದಿದ್ದರೂ ಅವರಿಗೆ ಗೊತ್ತಿತ್ತು. "ಅದಕ್ಕ ಅನ್ನೂದು ನನ್ನ ಕೈ ಬ್ಯಾಡಂತ. ಒಂದ ಸಲ ಮುಂದ ಮಾಡಿದೆ, ನೋಡು ಏನಾತು" ಎಂದು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಕಲೆಯಾದದ್ದು ಜಿಡ್ಡಿನಿಂದ, ಬೂದಿಯ ಕ್ಷಾರದಿಂದ, ಯಾರ ಕೈ ತಗುಲಿದ್ದರೂ ಹೀಗೇ ಆಗುತ್ತಿತ್ತು ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಇಳಿಯಲಿಲ್ಲ. ಆ ದಿನದ ಪೂಜೆಯಲ್ಲಿ ಕಾಯಿ ಒಡೆದ ಸದ್ದೊಂದನ್ನು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ.

ಮರುದಿನ ದಶಮಿ. ಗದಗಿನ ಕಡೆ ಅವತ್ತು ಬನ್ನಿ ಕೊಡುವ ದಿನ. ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, ಹಿಂದಿನ ಮಾತು ಮರೆತು ಎಲೆ ಕೊಟ್ಟು ತೆಗೆದುಕೊಳ್ಳುತ್ತಾರೆ. ಜಗಳವಾಡಿದವರ ಮನೆಗೆ ಮೊದಲು ಹೋಗಬೇಕು ಎಂದು ಅತ್ತೆಯೇ ನನಗೆ ಎಂದೋ ಹೇಳಿದ್ದರು. ಬೆಳಿಗ್ಗೆ ನೋಡಿದರೆ ಅವರು ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ನಮ್ಮ ಬೇಲಿಯ ಗಿಡದಿಂದ ಎಲೆ ಕೀಳುತ್ತಿದ್ದರು.

"ಅದು ಬನ್ನಿ ಅಲ್ಲ ಅತ್ತೆ" ಎಂದೆ.

"ಇದ್ದೂರಾಗ ಇದ್ದದ್ದ ಬನ್ನಿ. ನಡಿ."

ಹೆಜ್ಜೆ ಮಾತ್ರ ಭಾರವಾಗಿತ್ತು. ಅಜ್ಜಿಯ ಬಾಗಿಲಿನ ಮುಂದೆ ನನ್ನ ಮೊಣಕೈ ಹಿಡಿದುಕೊಂಡರು. ಆ ಹೆಂಗಸು ಆಸರೆಗೆ ಕೈ ಚಾಚಿದ್ದನ್ನು ನಾನು ಮೊದಲ ಸಲ ನೋಡಿದೆ. ಬಾಗಿಲು ತೆರೆಯಿತು. ಅತ್ತೆ ಎಡಗೈಯಿಂದ ಅಜ್ಜಿಯ ಕೈ ಹಿಡಿದು, ಬಲಗೈಯಿಂದ ಅದರೊಳಗೆ ಎಲೆ ಇಟ್ಟು ಮುಚ್ಚಿದರು.

"ಬನ್ನಿ ತಗೊಂಡು ಬಂಗಾರದ್ಹಾಂಗ ಇರೂನ್ರಿ ಅಕ್ಕಾರ."

ನಾನು ಅನುವಾದಕ್ಕೆ ಬಾಯಿ ತೆರೆದೆ. ಅಜ್ಜಿ ಕೈಯೆತ್ತಿ ತಡೆದರು. ಎಲೆಯನ್ನು ನೋಡಿದರು, ಅತ್ತೆಯ ಮುಖ ನೋಡಿದರು. ಆಮೇಲೆ ನಮ್ಮನ್ನು ಒಗೆಯುವ ಕೋಣೆಗೆ ಕರೆದುಕೊಂಡು ಹೋದರು.

ನಳಿಗೆ ಕಂದಾಗಿತ್ತು, ಒಳ್ಳೆಯ ಗಾಢ ಕಂದು. ನಡುವೆ ಮೂರು ಗೆರೆ ಮಾತ್ರ ಮಾಸಲು ಬಿಳುಪಾಗಿ ಉಳಿದಿದ್ದವು. ಒಂದು ಗೆರೆಯ ತುದಿಯಲ್ಲಿ ಬೆರಳಚ್ಚಿನ ಸುರುಳಿ ಕೂಡ ಕಾಣುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ಅದು ಏನು ಎಂದು ಅಜ್ಜಿ ಕೇಳಿದರು.

ವಿಭೂತಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಬೂದಿ ಎಂದೆ. ಎಲ್ಲ ಸುಟ್ಟ ಮೇಲೆ ಏನು ಉಳಿಯುತ್ತದೋ ಅದು. ಅದನ್ನು ನಾವು ದೇವರಿಗೆ ಹಚ್ಚುತ್ತೇವೆ, ನಮ್ಮ ಹಣೆಗೂ ಹಚ್ಚಿಕೊಳ್ಳುತ್ತೇವೆ. ನಿಮ್ಮ ಬಂದೂಕಿಗೆ ಹಬ್ಬದ ದಿನ ಯಾರೂ ಇಲ್ಲ ಅಂತ ಅತ್ತೆ ಬಂದದ್ದು ಎಂದೆ.

"ಬೂದಿ" ಎಂದರು ಅಜ್ಜಿ. "ಅವನೂ ಈಗ ಅಷ್ಟೇ. ಒಳಗೆ ಕಪಾಟಿನ ಮೇಲಿದ್ದಾನೆ. ನಾನು ಇನ್ನೂ ಆ ಪೆಟ್ಟಿಗೆ ಮುಟ್ಟಿಲ್ಲ."

ಆಮೇಲೆ ಅವರು ಅತ್ತೆಯ ಬಲಗೈಯನ್ನು ತೆಗೆದುಕೊಂಡು, ಮೂರು ಬೆರಳನ್ನು ಒಂದೊಂದಾಗಿ ಬಿಡಿಸಿ, ಆ ಮೂರು ಗೆರೆಯ ಮೇಲೆ ಇಟ್ಟರು. ತಮ್ಮ ಕೈಗವಸು ತೆಗೆದು ಅತ್ತೆಯ ಕೈಮೇಲೆ ತಮ್ಮ ಬರಿಗೈ ಇಟ್ಟರು. "ಇದು ಇರಲಿ ಅಂತ ಹೇಳು" ಎಂದರು ನನಗೆ. ಹೇಳುವ ಅಗತ್ಯವಿರಲಿಲ್ಲ. ಅತ್ತೆ ಆಗಲೇ ಅಳುತ್ತಿದ್ದರು. ಸರಿಯಾಗಿ, ದನಿ ತೆಗೆದು, ಮಾವ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಶನಿವಾರ ನಾವೂ ಹೋದೆವು. ಗುಡ್ಡದ ಬುಡದಲ್ಲಿ ಹುಲ್ಲು ಒದ್ದೆಯಾಗಿತ್ತು, ಮೋಡ ಕೆಳಗಿಳಿದು ಮರಗಳ ತುದಿ ಮುಟ್ಟುತ್ತಿತ್ತು. ಅಜ್ಜಿ ಕೋಲು ಇಳಿಬಿಟ್ಟು ನೋಡಿದರು. ಆಮೇಲೆ ಮದ್ದು, ಬಟ್ಟೆ, ಗುಂಡು. ಗಿಡ್ಡವಾದ ಮರವನ್ನು ಭುಜಕ್ಕೊತ್ತಿ, ಗಂಡನ ಕೆನ್ನೆಯ ಜಾಗಕ್ಕೆ ತಮ್ಮ ಕೆನ್ನೆಯಿಟ್ಟರು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಸದ್ದಿಗಿಂತ ಹೊಗೆ ನನಗೆ ಹೆಚ್ಚು ನೆನಪಿದೆ. ಬೆಳ್ಳಗೆ, ನಿಧಾನವಾಗಿ, ಹೋಗಲೊಲ್ಲದೆ ಅಜ್ಜಿಯ ಸುತ್ತ ನಿಂತಿತ್ತು… ಅದರೊಳಗಿಂದ ಅವರು ಹೊರಗೆ ಬಂದಾಗ ಮುಖದ ತುಂಬ ಮಸಿ, ಮಸಿಯ ಮೇಲೆ ನಗು. ಗುರಿ ತಪ್ಪಿತ್ತು. "ಅವನದ್ದೂ ತಪ್ಪುತ್ತಿತ್ತು" ಎಂದರು.

ಅತ್ತೆ ಊರಿಗೆ ಹೊರಟಾಗ ಅಜ್ಜಿ ಕೊಯ್ದ ಆ ಮೇಪಲ್ ತುಂಡನ್ನು ಎಣ್ಣೆ ಉಜ್ಜಿ ತಂದುಕೊಟ್ಟರು. ಗದಗಿನ ಮನೆಯ ದೇವರ ಜಗುಲಿಯಲ್ಲಿ ಅದು ವಿಭೂತಿ ಗಟ್ಟಿಯನ್ನಿಡುವ ಮಣೆಯಾಯಿತು. ಮುಂದಿನ ಖಂಡೇನವಮಿಯ ಹೊತ್ತಿಗೆ ಅತ್ತೆ ಬಾಗಿಲಿಗೆ ಸರಿದು ನಿಲ್ಲುವುದನ್ನು ಬಿಟ್ಟಿದ್ದರು. ಈಳಿಗೆಗೆ, ಮನೆಯ ಹೊಲಿಗೆ ಮಶೀನಿಗೆ ತಾವೇ ಕೈಯಾರೆ ವಿಭೂತಿ ಎಳೆದರು ಎಂದು ನಾದಿನಿ ಫೋನಿನಲ್ಲಿ ಹೇಳಿದಳು.

ನಾವು ಆ ಬೀದಿ ಬಿಟ್ಟ ಮೇಲೆ ಒಂದು ಚಳಿಗಾಲ ಅಜ್ಜಿ ಹೋದರು. ಅವರ ಹೆಸರಿನಲ್ಲಿ ಗುಂಡು ಹಾರಿಸಿದ ದಿನ ನಾವು ರಜೆಗೆ ನಮ್ಮೂರಿಗೆ ಹೋಗಿದ್ದೆವು. ಆ ಕೊರಗು ನನ್ನಲ್ಲಿ ಇವತ್ತಿಗೂ ಉಳಿದಿದೆ. ಬಂದೂಕು ಅವರ ತಂಗಿಯ ಮಗಳ ಹತ್ತಿರ ಇದೆಯಂತೆ. ನಳಿಗೆಯ ಮೇಲಿನ ಗೆರೆ ಏನೆಂದು ಯಾರಾದರೂ ಕೇಳಿದರೆ, ಇದು ನಮ್ಮ ದೊಡ್ಡಮ್ಮನ ದೂರದೇಶದ ತಂಗಿಯ ಕೈ ಎಂದು ಆಕೆ ಹೇಳುತ್ತಾಳಂತೆ. ಹೋದ ವರ್ಷ ಅತ್ತೆಯೂ ಹೋದರು. ಜಗುಲಿ ಖಾಲಿ ಮಾಡುವಾಗ ಆ ಮರದ ತುಂ​ಡನ್ನು ನಾನು ಕೇಳಿ ತಂದುಕೊಂಡೆ.

ಶನಿವಾರ ಬ್ಯಾಟಿಗೆ ಹಚ್ಚಿ ಉಳಿದ ಎಣ್ಣೆಯನ್ನು ಆ ತುಂಡಿಗೆ ಉಜ್ಜಿದೆ. ಗೀರುಗಳಲ್ಲಿ ಇನ್ನೂ ವಿಭೂತಿ ಕೂತಿತ್ತು, ಅದನ್ನು ತೆಗೆಯಲಿಲ್ಲ. ಎಣ್ಣೆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಾಲ್ಕನಿಯ ಕಂಬಿಯ ಮೇಲೆ ಅಗಲಕ್ಕೆ ಹರವಿದೆ, ಅಜ್ಜಿ ಬೇಲಿಯ ಮೇಲೆ ಹರವುತ್ತಿದ್ದ ಹಾಗೆ. "ವೈ?" ಎಂದಳು ಮಗಳು. ಮುದುರಿ ಇಟ್ಟರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದೆ. ಅವಳು ನಂಬಲಿಲ್ಲ.

ಅವಳ ಕ್ರಿಕೆಟ್ ಅಭ್ಯಾಸಕ್ಕೆ ಹೋಗುವ ದಾರಿಯಲ್ಲಿ ಹಳೆಯ ಬೀದಿ ಸಿಗುವುದಿಲ್ಲ. ನಾನೇ ಸುತ್ತು ಹಾಕಿ ಅಲ್ಲಿಂದ ಹೋಗುತ್ತೇನೆ. ಆ ಗರಾಜಿನಲ್ಲಿ ಈಗ ಬೇರೆಯವರ ಎರಡು ಕಾರು ನಿಂತಿರುತ್ತವೆ. ಬೆಂಚಿಲ್ಲ, ವೈಸಿಲ್ಲ, ಯಾರೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಕಾರು ನಿಧಾನ ಮಾಡಿ ನೋಡುತ್ತೇನೆ. ಖಾಲಿಯೇ ಇರುತ್ತದೆ.